ಬಲಗಿವಿ

ಕಿವಿ ಸೋರುವ ಒಂದು ಕೂಸಾದರೂ ಇಲ್ಲದ ಓಣಿ ಆಗ ಮಾನ್ವಿಯಲ್ಲಿ ಇರಲಿಲ್ಲ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುವುದು, ಹತ್ತಿ ತುರುಕುವುದು, ತಲೆಗೆ ನೀರು ಹಾಕುವಾಗ ಕಿವಿಗೆ ಅಂಗೈ ಮುಚ್ಚುವುದು. ಇಷ್ಟೇ ಮದ್ದು. ದೊಡ್ಡವರಾಗುತ್ತ ತಾನೇ ಒಣಗುತ್ತದೆ ಎಂದು ಎಲ್ಲರೂ ನಂಬಿದ್ದರು, ಬಹಳ ಮಕ್ಕಳಿಗೆ ಒಣಗುತ್ತಲೂ ಇತ್ತು. ಕಾಯುವವನು ಬೇರೆ, ಹೆಸರು ಬರುವುದು ಎಣ್ಣೆಗೆ.

ವಾದಿರಾಜಾಚಾರ್ಯರ ಮಗ ನರಸಿಂಹನಿಗೆ ದಡಾರ ಬಂದು ಹೋದಾಗಿನಿಂದ ಬಲಗಿವಿ ಸೋರುತ್ತಿತ್ತು. ಆಚಾರ್ಯರು ಹಗಲು ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸಿ, ಸಂಜೆ ಮಠದಲ್ಲಿ ಕನ್ನಡದಲ್ಲಿ ಪುರಾಣ ಹೇಳುವವರು. ಅವರಿಗೆ ಒಬ್ಬನೇ ಮಗ, ಅದೂ ತಡವಾಗಿ ಹುಟ್ಟಿದವನು. ಮಾಘಮಾಸದ ಒಂದು ಗುರುವಾರ ಅವನ ಮುಂಜಿ ಎಂದು ನಿಶ್ಚಯವಾಗಿತ್ತು. ಎರಡನೆಯ ಮಹಾಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಸಕ್ಕರೆ ಸಿಗುತ್ತಿರಲಿಲ್ಲ, ಬಟ್ಟೆ ಸಿಗುತ್ತಿರಲಿಲ್ಲ. ಆದರೂ ಅಂಗಳದಲ್ಲಿ ಹಂದರ ಎದ್ದಿತ್ತು.

ಮುಂಜಿ ಹತ್ತಿರ ಬಂದಾಗ ಕಿವಿ ಸೋರುವುದು ಒಮ್ಮೆಲೇ ನಿಂತಿತು. ಮನೆಯವರೆಲ್ಲ ಹಿಗ್ಗಿದರು. ಹುಡುಗನ ತಾಯಿ ಕಾವೇರಿಬಾಯಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಹೊರಗೆ ಬರಬೇಕಾದದ್ದು ಒಳಗಿನ ದಾರಿ ಹಿಡಿದಿದೆ ಎಂದು ಅವರಿಗೆ ಹೇಗೆ ತಿಳಿಯಬೇಕು. ದೀಪ ಹಚ್ಚಿದ ಮರುದಿನವೇ ಜ್ವರ ಬಂತು. ಕಿವಿಯ ಹಿಂದಿನ ಎಲುಬಿನ ಮೇಲೆ ಕೆಂಪಗೆ ಬಾವು ಎದ್ದು, ಕಿವಿಯನ್ನೇ ಮುಂದಕ್ಕೆ ದೂಡಿತು. ಹುಡುಗ ಯಾರದೋ ಮಾತಿಗೆ ಕಿವಿಗೊಟ್ಟು ಕೂತಂತೆ ಕಾಣುತ್ತಿದ್ದ.

ಸೋಮವಾರ, ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಗಂಡಹೆಂಡತಿ ಅವನನ್ನು ರಾಯಚೂರಿಗೆ ಕರೆದುಕೊಂಡು ಹೋದರು.

ದವಾಖಾನೆಯಲ್ಲಿ ಕಿವಿ, ಮೂಗು, ಗಂಟಲು ನೋಡುವ ಡಾಕ್ಟರ್ ಬಂದೇನವಾಜ್ ಯುದ್ಧದಲ್ಲಿ ಸಿಪಾಯಿಗಳ ಆಸ್ಪತ್ರೆಯಲ್ಲಿ ದುಡಿದು ಬಂದವರು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಹಣೆಗೆ ಕಟ್ಟಿದ ದುಂಡು ಕನ್ನಡಿಯಿಂದ ಬೆಳಕು ಬಿಟ್ಟು ಕಿವಿಯೊಳಗೆ ನೋಡಿದರು.

“ಸೋರೋದು ಯಾವಾಗ ನಿಂತಿತು?”

“ಬಾವು ಬರೋದಕ್ಕಿಂತ ಮೊದಲು. ನಿಂತಿತು ಅಂತ ದೇವರಿಗೆ ದೀಪಾ ಹಚ್ಚಿದ್ವಿ,” ಅಂದರು ಆಚಾರ್ಯರು.

“ಅದು ಸೋರೋ ತನಕ ನಿಮ್ಮ ಹುಡುಗ ಅಪಾಯದಿಂದ ದೂರ ಇದ್ದ. ಆಚಾರ್ರೇ, ಈ ಎಲುಬು ಹೊರಗಿಂದ ಗಟ್ಟಿ. ಒಳಗ ಜೇನುಹುಟ್ಟಿನ ಹಂಗ ಬರೇ ತೂತು. ಈಗ ಅದರ ತುಂಬ ಕೀವು. ಅದರ ಆಚಿ ಗೋಡಿ ದಾಟಿದ್ರ ಮಿದುಳು. ಇವತ್ತ ಎಲುಬು ಕೊರದು ಕೀವಿಗೆ ಬಾಗಿಲಾ ಮಾಡಬೇಕು.”

ಆಚಾರ್ಯರು ಮಗನ ಕಿವಿಯ ಕಡೆ ನೋಡಿದರು. “ಕೊರದ ಮ್ಯಾಲೆ ಕಿವಿ ಕೇಳಸ್ತದೇನ್ರಿ?”

“ನಾ ಜೀವದ ಮಾತು ಆಡಾಕತ್ತೀನಿ, ನೀವು ಕಿವಿ ಕೇಳ್ತೀರಿ.”

“ಬಲಗಿವಿ ರೀ ಅದು.”

“ಎಡಗಿವಿ ಆಗಿದ್ರೂ ಇದನ್ನ ಹೇಳ್ತಿದ್ದೆ.”

ಡಾಕ್ಟರ್ ಮೇಜಿನಿಂದ ಒಂದು ಉಕ್ಕಿನ ಕವೆಯನ್ನು ತೆಗೆದುಕೊಂಡರು. ಇಕ್ಕಳದಂತೆ ಎರಡು ಕಾಲು, ಕೆಳಗೆ ಒಂದು ಹಿಡಿ. ಅದನ್ನು ಮೊಣಕಾಲಿಗೆ ಬಡಿದಾಗ ತಂಬೂರಿಯ ತಂತಿಯಂತೆ ಗುಂಯ್ ಎಂದಿತು. ಹಿಡಿಯನ್ನು ಹುಡುಗನ ಹಣೆಯ ನಡುವೆ ಊರಿ, “ಎಲ್ಲಿ ಕೇಳಸ್ತದ, ಬೇಟಾ?” ಎಂದರು.

ನರಸಿಂಹ ನೋವಿನಲ್ಲೂ ಅಚ್ಚರಿಪಟ್ಟು ಬಲಗಿವಿ ಮುಟ್ಟಿ ತೋರಿಸಿದ.

“ಹೊರಗಿನ ಬಾಗಿಲಾ ಮುಚ್ಚೇದ, ಒಳಗಿನ ಕಿವಿ ಜೀವಂತ ಅದ,” ಅಂದರು ಡಾಕ್ಟರ್. “ನಾದ ಎಲುಬಿನಾಗ ಹಾದು ಅಲ್ಲಿ ಹೋಗಿ ಮುಟ್ಟತದ. ಇವತ್ತ ಕೊರದ್ರ ಅದು ಉಳಿದರೂ ಉಳೀತದ. ಇನ್ನೊಂದು ಮಾತು. ಹೊಸಾ ಔಷಧ ಬಂದದ, ಪೆನಿಸಿಲಿನ್ ಅಂತ. ಫೌಜಿನಾಗ ಕೀವು ತುಂಬಿದ ಗಾಯ ಒಣಗಿದ್ದು ಕಣ್ಣಾರೆ ನೋಡೀನಿ. ಕಿವಿಯಿಂದ ಮಿದುಳಿಗೆ ಏರಿದ ಕೀವನ್ನೂ ಅದು ಇಳಸ್ತದ ಅಂತ ಮೊನ್ನೆ ಬಂದ ಡಾಕ್ಟರಿ ಪತ್ರಿಕಿಯೊಳಗ ಬರದಾರ. ಇದನ್ನ ನಾ ಓದೀನಿ ಅಷ್ಟ, ಮಾಡಿ ನೋಡಿಲ್ಲ. ಸಿಕಂದರಾಬಾದಿನ ದೋಸ್ತಗ ತಾರು ಕೊಟ್ಟು ನಾಳಿ ರೈಲಿಗೆ ತರಸ್ತೀನಿ. ಕೊರಿಯೋದು ಮಾತ್ರ ಇವತ್ತ.”

“ಕ್ಲೋರೋಫಾರ್ಮ್ ಕೊಟ್ಟ ಮ್ಯಾಲೆ ಹುಡುಗ ಎದ್ದೇ ಏಳ್ತಾನ ಅಂತ ಹೇಳ್ತೀರೇನು?”

“ಅದನ್ನ ಹೇಳೋ ಅಧಿಕಾರ ನನಗಿಲ್ಲ.”

ಆಚಾರ್ಯರು ಕೈ ಜೋಡಿಸಿದರು. “ಗುರುವಾರ ಮುಂಜಿ ಅದ. ಅದೊಂದು ಮುಗಿಸಿ ಅವತ್ತೇ ಕರಕೊಂಡು ಬರ್ತೀನಿ.”

ಡಾಕ್ಟರ್ ಕವೆಯನ್ನು ಮೇಜಿನ ಮೇಲೆ ಒಗೆದರು. ಅದು ಬಿದ್ದಲ್ಲೇ ಗುಂಯ್‌ಗುಟ್ಟಿತು.

ಹೊರಗಿನ ಕಟ್ಟೆಯ ಮೇಲೆ ಕಾವೇರಿಬಾಯಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಾಗಿಲ ಸಂದಿನಿಂದ ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

“ಕೊರಸ್ರಿ,” ಅಂದಳು.

“ಹಂಗ ಅನಬ್ಯಾಡ. ಮ್ಯಾಲಕ್ಕ ಏಳದಿದ್ರ? ಸಂಸ್ಕಾರ ಇಲ್ಲದ ಕೂಸನ್ನ ಹಂಗ ಕಳಸಲೇನು? ಎದ್ದರೂ ಕಿವಿ ಹೋದ ಮ್ಯಾಲೆ ಮಂತ್ರೋಪದೇಶ ಎಲ್ಲಿ ಮಾಡಲಿ?”

“ಎಡಗಿವಿ ಛಲೋ ಅದ. ಅದರಾಗ ಹೇಳ್ರಿ. ಇಲ್ಲೇ, ಈಗೇ.”

“ಉಪದೇಶ ಬಲಗಿವಿಗೆ, ಕಾವೇರಿ. ಅದು ನಾ ಮಾಡಿದ ನೇಮ ಅಲ್ಲ.”

“ನೇಮ ನೀವು ಮಾಡಿದ್ದಲ್ಲ ಖರೆ. ಮಗನ್ನ ಮಾತ್ರ ನಾನೇ ಹಡದೀನಿ.”

ಆಚಾರ್ಯರ ತಂದೆ ಇವರ ಮುಂಜಿಗೆ ಮೊದಲೇ ತೀರಿಕೊಂಡಿದ್ದರು. ಮಂತ್ರ ಹೇಳಿದವನು ದೂರದ ಚಿಕ್ಕಪ್ಪ. ಅವನಿಗೆ ಬಂಡಿಯ ಅವಸರ. ಬಾಯಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಮಾತು ಅರ್ಧ ಕಿವಿಯಲ್ಲಿ ಬಿತ್ತು, ಅರ್ಧ ಹೆಗಲ ಮೇಲೆ. ದಿನವೂ ಸಂಧ್ಯಾವಂದನೆಗೆ ಕೂತಾಗ ಆ ಅವಸರ ಅವರಿಗೆ ನೆನಪಾಗುತ್ತಿತ್ತು. ತನ್ನ ಮಗ ತಂದೆಯ ಬಾಯಿಂದ, ಬಲಗಿವಿಯಲ್ಲಿ, ನಿಧಾನವಾಗಿ ಕೇಳಬೇಕು. ಇದೊಂದೇ ಆಸೆಯನ್ನು ಅವರು ದೇವರ ಮುಂದೆ ಮತ್ತೆ ಮತ್ತೆ ಇಟ್ಟಿದ್ದರು. ಈಗ ಡಾಕ್ಟರರೇ ಒಳಗಿನ ಕಿವಿ ಜೀವಂತ ಇದೆ ಎಂದಿದ್ದಾರೆ. ಹಣೆಗಿಟ್ಟ ಕಬ್ಬಿಣದ ನಾದ ಆ ಕಿವಿಯಲ್ಲೇ ನುಡಿದಿದೆ. ದೇವರು ಗುರುವಾರದವರೆಗೆ ಬಾಗಿಲು ತೆರೆದಿಟ್ಟಿದ್ದಾನೆ ಎಂದು ಅವರಿಗೆ ತೋರಿತು.

ಮನುಷ್ಯ ತಾನು ಬೇಡಿದ್ದನ್ನೇ ದೇವರು ಹೇಳಿದ ಹಾಗೆ ಕೇಳಿಸಿಕೊಳ್ಳುತ್ತಾನೆ. ಆ ಕಿವುಡಿಗೆ ಯಾವ ದವಾಖಾನೆಯಲ್ಲೂ ಕನ್ನಡಿ ಇಲ್ಲ.

ಸಂಜೆಯ ಬಸ್ಸಿಗೆ ಮೂವರೂ ಮಾನ್ವಿಗೆ ತಿರುಗಿದರು. ದಾರಿಯುದ್ದಕ್ಕೂ ಕಾವೇರಿಬಾಯಿ ಗಂಡನ ಕಡೆ ನೋಡಲಿಲ್ಲ.

ಗುರುವಾರ ಬೆಳಗ್ಗೆ ದೇವದುರ್ಗದಿಂದ ಕಾವೇರಿಬಾಯಿಯ ತವರಿನವರು ಬಂದಿಳಿದಿದ್ದರು. ಹಂದರದಲ್ಲಿ ಸನಾದಿ ನುಡಿಯುತ್ತಿತ್ತು. ತಾಯಿ ಮಗ ಒಂದೇ ಎಲೆಯಲ್ಲಿ ಕೊನೆಯ ಸಲ ಕೂಡಿ ಉಣ್ಣುವ ಊಟಕ್ಕೆ ನರಸಿಂಹನನ್ನು ಕೂಡಿಸಿದರು. ಕಾವೇರಿಬಾಯಿ ತುಪ್ಪ ಕಲಸಿದ ತುತ್ತು ಬಾಯಿಗಿಟ್ಟಳು. ಹುಡುಗ ನುಂಗಿದ, ತಕ್ಷಣ ಎಲೆಯ ಮೇಲೆಯೇ ಕಾರಿಕೊಂಡ.

“ಅವ್ವಾ, ಹಂದರಾ ತಿರಗಲಿಕ್ಕತ್ತದ. ಹಿಡಕೋ.”

ಅವನ ಕಣ್ಣುಗುಡ್ಡೆ ಒಂದು ಬದಿಗೆ ಜಾರುವುದು, ಚಟ್ಟನೆ ಹಿಂದಕ್ಕೆ ಬರುವುದು, ಮತ್ತೆ ಜಾರುವುದು. ಬಂದವರಲ್ಲಿ ಒಬ್ಬ ಮುದುಕಿ, “ದೃಷ್ಟಿ ಆಗೇದ, ಉಪ್ಪು ಮೆಣಸಿನಕಾಯಿ ಇಳೇ ತಗೀರಿ,” ಅಂದಳು. ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಕೆಮ್ಮಿದರು, ನರಸಿಂಹನೊಬ್ಬನೇ ಕೆಮ್ಮಲಿಲ್ಲ.

ಕ್ಷೌರದವನು ತಲೆ ಬೋಳಿಸಲು ಕೂತು ಬಲಗಿವಿಯ ಹಿಂದೆ ಬಂದಾಗ ಕತ್ತಿಯನ್ನು ಕೆಳಗಿಟ್ಟ. “ಇಲ್ಲಿ ನನ್ನ ಕೈ ಬರಾಂಗಿಲ್ರೀ ಆಚಾರ್ರ. ಕೆಂಡ ಮುಟ್ಟಿದಂಗ ಆಕ್ಕೈತಿ.” ಅಷ್ಟು ಕೂದಲು ಹಾಗೆಯೇ ಉಳಿಯಿತು.

ಸೋದರಮಾವ ಹುಡುಗನನ್ನು ಎತ್ತಿಕೊಂಡೇ ಬಂದು ತಂದೆಯ ಎದುರು ಕೂಡಿಸಿ, ಬೀಳದಂತೆ ಹಿಂದಿನಿಂದ ಹಿಡಿದ. ಹೊಸ ಜನಿವಾರ ಬೋಳು ಎದೆಯ ಮೇಲೆ ಜ್ವರದ ಉಸಿರಿಗೆ ಏರಿಳಿಯುತ್ತಿತ್ತು. ತಂದೆ ಮಗನ ಮೇಲೆ ರೇಷ್ಮೆಯ ವಸ್ತ್ರ ಮುಚ್ಚಿದರು. ಸನಾದಿ ನಿಂತಿತು.

ಆ ವಸ್ತ್ರದ ಕತ್ತಲೆಯಲ್ಲಿ ಆಚಾರ್ಯರು ಮಗನ ಬಲಗಿವಿಗೆ ಬಾಯಿ ಹಚ್ಚಿ, ಇಡೀ ಜೀವಮಾನ ಕಾದಿಟ್ಟ ನಿಧಾನದಿಂದ ಮಂತ್ರ ಹೇಳಿದರು.

“ಹೇಳು, ಕಂದಾ.”

ಹುಡುಗ ಸುಮ್ಮನಿದ್ದ.

ಇನ್ನೊಮ್ಮೆ ಹೇಳಿದರು. ದನಿ ಎತ್ತುವ ಹಾಗಿಲ್ಲ, ಹೊರಗಿನವರಿಗೆ ಕೇಳಬಾರದು. ತುಟಿಯನ್ನು ಕಿವಿಗೆ ಒತ್ತಿ ಮತ್ತೆ ಹೇಳಿದರು.

“ಅಪ್ಪಾ, ನೀ ಏನರೆ ಹೇಳಲಿಕ್ಕತ್ತೀಯೇನು?” ಅಂದ ನರಸಿಂಹ. “ಉಸರು ಬರ್ತದ. ಮಾತು ಕೇಳಸವಲ್ದು.”

ವಸ್ತ್ರ ತೆಗೆದಾಗ ಆಚಾರ್ಯರ ಮುಖ ನೋಡಿ ಸನಾದಿಯವನು ಊದಲು ಎತ್ತಿದ ವಾದ್ಯವನ್ನು ಹಾಗೆಯೇ ಇಳಿಸಿದ.

ಅಕ್ಕಿ ಗಿರಣಿಯ ಹಂಪಣ್ಣ ಊಟದ ಅಕ್ಕಿ ಇಳಿಸಲು ಪೋತ್ನಾಳದಿಂದ ಲಾರಿ ತಂದು ಬಾಗಿಲಲ್ಲಿ ನಿಂತಿದ್ದ. ಕಾವೇರಿಬಾಯಿ ಯಾರನ್ನೂ ಕೇಳಲಿಲ್ಲ. ಮಗನನ್ನು ಹೆಗಲಿಗೆ ಹಾಕಿಕೊಂಡು, ಮುಂಜಿಯ ಇಳಕಲ್ಲ ಸೀರೆಯಲ್ಲೇ ಹೋಗಿ ಲಾರಿಯ ಮುಂದಿನ ಸೀಟಿನಲ್ಲಿ ಕೂತಳು.

“ರಾಯಚೂರು, ಹಂಪಣ್ಣಾ.”

ಹಂಪಣ್ಣ ಹಿಂದೆ ಹೋಗಿ ಇದ್ದಿಲ ಒಲೆಯ ಪಂಖ ತಿರುಗಿಸತೊಡಗಿದ. ಬೆಂಕಿ ಹತ್ತಿ ಗ್ಯಾಸು ಏಳುವವರೆಗೆ ಇಂಜಿನ್ನು ಅಲುಗುವುದಿಲ್ಲ. ಆಚಾರ್ಯರು ಮಡಿಯಲ್ಲೇ ಓಡಿಬಂದು ಅವನ ಪಕ್ಕ ನಿಂತು ತಾವೂ ಹಿಡಿಗೆ ಕೈ ಹಾಕಿದರು.

“ಬಿಡ್ರೀ ಆಚಾರ್ರ, ಮಸಿ ಹತ್ತೈತಿ. ಈ ಲಾರಿನೂ ನಿಮ್ಮಂಗ ಮಡಿವಂತ. ಯಾರು ಮುಟ್ಟಿದ್ರೂ ಹೊರಡಾಂಗಿಲ್ಲ,” ಅಂದ ಹಂಪಣ್ಣ, ಹೆದರಿದವರನ್ನು ನಗಿಸುವ ತನ್ನ ಹಳೆಯ ರೂಢಿಯಿಂದ. ಆಮೇಲೆ ಆಚಾರ್ಯರು ಹಿಡಿ ಬಿಡದಿರುವುದನ್ನು ನೋಡಿ ತಾನೂ ಜೋರಾಗಿ ತಿರುಗಿಸಿದ.

ಲಾರಿಯಲ್ಲಿ ಅಕ್ಕಿಯ ಚೀಲಗಳ ಮೇಲೆ ಕೂತು ಆಚಾರ್ಯರು ಸ್ತೋತ್ರ ಹೇಳಲು ಹವಣಿಸಿದರು. ಬಾಯಿಪಾಠ ಬರುತ್ತಿತ್ತು, ಮೊದಲ ಸಾಲು ದಾಟುತ್ತಿರಲಿಲ್ಲ. ಪ್ರತಿ ಸಲ ಅಲ್ಲೇ ಹುಡುಗನ ಮಾತು ಅಡ್ಡ ಬರುತ್ತಿತ್ತು. ಕೇಳಸವಲ್ದು.

ಡಾಕ್ಟರ್ ಬಂದೇನವಾಜ್ ಹುಡುಗನ ಕಣ್ಣು ನೋಡಿದರು, ಕುತ್ತಿಗೆ ಬಗ್ಗಿಸಲು ಹೋದರು. ಅದು ಕಟ್ಟಿಗೆಯಾಗಿತ್ತು. ಅರೆಬೋಳು ತಲೆ, ಕುಂಕುಮ, ಜನಿವಾರ ಎಲ್ಲವನ್ನೂ ಒಮ್ಮೆ ನೋಡಿದರು.

“ತಲಿ ಬೋಳಸೋ ಕೆಲಸ ಒಂದು ಉಳಿಸಿ ತಂದೀರಿ,” ಅಂದರು. ಆಚಾರ್ಯರು ತಲೆ ತಗ್ಗಿಸಿದರು. ಡಾಕ್ಟರರ ದನಿ ಇಳಿಯಿತು. “ಒಳಗಿನ ಕಿವಿಗೆ ಕೀವು ಹೊಕ್ಕದ. ಅಲ್ಲಿಂದ ಮಿದುಳಿನ ಪೊರಿಗೆ. ಅವತ್ತ ನಾ ಆ ಕಬ್ಬಿಣ ಬಡೀಬಾರದಿತ್ತು. ಕಿವಿ ಜೀವಂತ ಅದ ಅಂತ ಬಾಯಿಬಿಟ್ಟು ಹೇಳಬಾರದಿತ್ತು. ನಡೀರಿ, ಕೂಸನ್ನ ಕೊಡ್ರಿ.”

ಆಯಾ ಮಹಬೂಬೀ ಹುಡುಗನನ್ನು ಎತ್ತಿಕೊಂಡಳು. ಜನಿವಾರವನ್ನು ತೆಗೆಯಬೇಕೋ ಬೇಡವೋ ತಿಳಿಯದೆ ಕಾವೇರಿಬಾಯಿಯ ಮುಖ ನೋಡಿದಳು. “ಇರಲಿ ಬಿಡವ್ವಾ, ನಾ ಬಟ್ಟಿ ಸುತ್ತತೀನಿ, ರಕ್ತ ಹತ್ತಂಗಿಲ್ಲ,” ಅಂದು ಒಳಗೆ ಹೋದಳು.

ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸುತ್ತಿಗೆಯ ಸದ್ದು ಬಂತು. ಮೆತ್ತಗೆ, ತಡೆತಡೆದು, ಅಕ್ಕಸಾಲಿಗನ ಅಂಗಡಿಯ ಸದ್ದಿನಂತೆ. ಅದು ಮಗನ ತಲೆಯ ಎಲುಬಿನ ಮೇಲೆ ಎಂದು ಇಬ್ಬರಿಗೂ ಗೊತ್ತಿತ್ತು. ಸದ್ದು ಕೇಳುವವರೆಗೆ ಅವನು ಇದ್ದಾನೆ. ಸದ್ದು ನಿಂತಾಗಲೆಲ್ಲ ಕಾವೇರಿಬಾಯಿ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

ಆಚಾರ್ಯರು ಗೋಡೆಗೆ ಹಣೆ ಹಚ್ಚಿ ನಿಂತರು. ಮಗನ ಆಯುಷ್ಯ ಬೇಡಲು ಅವರಿಗೆ ಬಾಯಿ ಬರಲಿಲ್ಲ. ಬೇಡಿದ್ದೆಲ್ಲ ಆಗಿಹೋಗಿತ್ತಲ್ಲ. ಮುಂಜಿ ಬೇಡಿದ್ದರು, ಮುಂಜಿ ಆಯಿತು. ತನ್ನ ಬಾಯಿಂದಲೇ ಉಪದೇಶ ಬೇಡಿದ್ದರು, ಅದೂ ಆಯಿತು. ಮಗನಿಗೆ ಅದು ಕೇಳಿಸಲಿ ಎಂಬುದೊಂದನ್ನು ಬೇಡುವುದು ಮರೆತಿದ್ದರು.

ಸಂಜೆ ಡಾಕ್ಟರ್ ಹೊರಬಂದರು. “ಕೀವು ತೆಗದೀನಿ. ಉಸರು ಅದ. ಇನ್ನ ನನ್ನ ಕೈಯಾಗ ಏನಿಲ್ಲ, ಆ ಪೆನಿಸಿಲಿನ್ ಕೈಯಾಗ. ನೀವು ಹೋದ್ರೂ ತಾರು ಕೊಟ್ಟು ತರಸಿಟ್ಟಿದ್ದೆ. ಮೂರು ತಾಸಿಗೊಮ್ಮೆ ಸೂಜಿ ಚುಚ್ಚಬೇಕು, ಹಗಲೂ ರಾತ್ರಿ. ಔಷಧ ಬರ್ಫಿನಾಗ ಇರಬೇಕು. ಬರ್ಫ ಕರಗಿದ್ರ ಅದು ಬರೇ ನೀರು.”

“ಬರ್ಫ ನಾ ತರ್ತೀನಿ,” ಅಂದರು ಆಚಾರ್ಯರು.

ಬರ್ಫಿನ ಕಾರ್ಖಾನೆ ಸ್ಟೇಷನ್ ಹತ್ತಿರ. ಹೊರಗಿನ ನೀರನ್ನು ಎಂದೂ ಮುಟ್ಟದ ಮನುಷ್ಯ ಅಲ್ಲಿ ಸಾಲಿನಲ್ಲಿ ನಿಂತು, ಹೊಟ್ಟಿನಲ್ಲಿ ಹೊರಳಿಸಿದ ಮಂಜುಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ತಂದರು. ಕರಗಿದ ನೀರು ಹಣೆಯ ಅಂಗಾರ, ಅಕ್ಷತೆಯನ್ನು ತೊಳೆದು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ದಾರಿಯಲ್ಲಿ ಟಾಂಗಾದವನೊಬ್ಬ, “ಏನ್ ಸ್ವಾಮ್ಯಾರ, ಈ ಚಳಿಯಾಗ ಶರಬತ್ತಿನ ಅಂಗಡಿ ತಗದೀರೇನು?” ಎಂದು ನಕ್ಕ. ಅವರು ನಿಲ್ಲಲಿಲ್ಲ. ಗಡ್ಡೆ ಕರಗುವ ಮೊದಲು ದವಾಖಾನೆ ಮುಟ್ಟಬೇಕು. ಇಟ್ಟು ಬಂದು ಮತ್ತೆ ಹೋಗಬೇಕು.

ದಿನಗಳು ಹಾಗೆ ಹೋದವು. ಹುಡುಗನಿಗೆ ಎಚ್ಚರವಿರಲಿಲ್ಲ. ಕಿರುಚುತ್ತಿದ್ದ, ಸುಮ್ಮನಾಗುತ್ತಿದ್ದ. ಸುಮ್ಮನಾದಾಗಲೇ ಹೆಚ್ಚು ಭಯ. ಸೂಜಿ ಚುಚ್ಚಿ ಚುಚ್ಚಿ ತೊಡೆ ಕಲ್ಲಾಗಿ, ಹೊಸ ಜಾಗ ಸಿಗದೆ ಮಹಬೂಬೀ ಅಳುತ್ತಿದ್ದಳು. ಕಾವೇರಿಬಾಯಿ ಗಂಡನ ಜೊತೆ ಮಾತಾಡಲಿಲ್ಲ. ಅವರು ಬರ್ಫ ಇಳಿಸುವಾಗ ಗೋಣಿಯ ಒಂದು ತುದಿ ಹಿಡಿಯುತ್ತಿದ್ದಳು, ಅಷ್ಟೇ.

ಒಂದು ಬೆಳಗ್ಗೆ ಆಚಾರ್ಯರು ಗಡ್ಡೆ ಹೊತ್ತು ಬಂದಾಗ ನರಸಿಂಹ ಕಣ್ಣು ಬಿಟ್ಟುಕೊಂಡಿದ್ದ. ಕಣ್ಣುಗುಡ್ಡೆ ನಿಂತಿತ್ತು. ತಂದೆಯ ತಲೆಯಿಂದ ಇಳಿಯುವ ನೀರನ್ನು ನೋಡಿ, “ಹೊರಗ ಮಳಿ ಬರಲಿಕ್ಕತ್ತದೇನು?” ಅಂದ.

ಜ್ವರ ಇಳಿದ ಮೇಲೆ ಡಾಕ್ಟರ್ ಮತ್ತೆ ಆ ಕವೆ ತಂದರು. ತರಬೇಕೆಂಬ ಮನಸ್ಸಿರಲಿಲ್ಲ. ನೋಡದೆ ಬಿಡುವ ಹಾಗೂ ಇರಲಿಲ್ಲ. ಮೊಣಕಾಲಿಗೆ ಬಡಿದು ಹಣೆಯ ನಡುವೆ ಊರಿದರು. “ಎಲ್ಲಿ ಕೇಳಸ್ತದ, ಬೇಟಾ?”

ಹುಡುಗ ಎಡಗಿವಿ ಮುಟ್ಟಿದ.

ಡಾಕ್ಟರ್ ಕವೆಯನ್ನು ಬಲಗಡೆಗೆ, ಪಟ್ಟಿಯ ಮೇಲಿನ ಎಲುಬಿಗೆ ಊರಿದರು. ಹುಡುಗ ಸ್ವಲ್ಪ ಯೋಚಿಸಿ ಮತ್ತೆ ಎಡಗಿವಿಯನ್ನೇ ಮುಟ್ಟಿದ.

ಆಚಾರ್ಯರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೋಮವಾರ ಬಲಗಡೆ ನುಡಿದ ನಾದ ಈಗ ಅಲ್ಲಿಲ್ಲ. ಯಾವ ಕಿವಿಗಾಗಿ ಅವರು ಮಗನನ್ನು ಮಾನ್ವಿಯ ಬಸ್ಸು ಹತ್ತಿಸಿಕೊಂಡು ಹೋಗಿದ್ದರೋ, ಆ ಕಿವಿಯನ್ನು ಆ ದಾರಿಯೇ ತಿಂದಿತ್ತು.

“ಇದು ತಿರುಗಿ ಬರಾಂಗಿಲ್ಲ,” ಅಂದರು ಡಾಕ್ಟರ್. ಮತ್ತೇನೂ ಹೇಳದೆ ಕವೆಯನ್ನು ಮುಷ್ಟಿಯಲ್ಲಿ ಹಿಡಿದು ಅದರ ನಾದ ನಿಲ್ಲಿಸಿ, ಹೊರಗೆ ಹೋದರು.

ನರಸಿಂಹ ಜನಿವಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಮಲಗಿದ್ದ.

“ಅಪ್ಪಾ, ಅವತ್ತ ಅರಿವಿ ಒಳಗ ಏನೋ ಹೇಳಿದಿ ಅಲ್ಲ. ಏನದು?”

ಆಚಾರ್ಯರು ಮಗನ ಹತ್ತಿರ ಬಂದು ಕೂತರು.

“ನನಗ ಕೇಳಸಲಿಲ್ಲ. ಇನ್ನೊಮ್ಮೆ ಹೇಳು,” ಎಂದು ಹುಡುಗ ತಾನೇ ಮಗ್ಗುಲಾಗಿ, ಎಡಗಿವಿಯನ್ನು ತಂದೆಯ ಕಡೆ ಮಾಡಿದ.

ಬಿಸಿಲಲ್ಲಿ ಆ ಕಿವಿ ಕೆಂಪಗೆ, ತೆಳ್ಳಗೆ, ಎಳೆಯ ಎಲೆಯಂತೆ ಕಾಣುತ್ತಿತ್ತು. ಸೋಮವಾರವೂ ಅದು ಹಾಗೆಯೇ ಇತ್ತು. ಆಚಾರ್ಯರು ತಲೆ ಎತ್ತಿ ಹೆಂಡತಿಯ ಕಡೆ ನೋಡಿದರು. ಅವತ್ತು ಕಟ್ಟೆಯ ಮೇಲೆ ಅವಳು ಅಂದ ಮಾತನ್ನು ಈಗ ಮತ್ತೆ ಅಂದುಬಿಟ್ಟರೆ ಸಾಕು ಅನ್ನಿಸಿತು, ಕೇಳಿ ಹಗುರಾಗಬಹುದಿತ್ತು. ಕಾವೇರಿಬಾಯಿ ಅನ್ನಲಿಲ್ಲ. ರೇಷ್ಮೆಯ ವಸ್ತ್ರ ಮಾನ್ವಿಯಲ್ಲೇ ಉಳಿದಿತ್ತು. ಅವಳು ಎದ್ದು ಬಂದು, ಹೊಗೆಯ ಮಸಿ ಹತ್ತಿದ ಇಳಕಲ್ಲ ಸೀರೆಯ ಸೆರಗನ್ನು ಬಿಚ್ಚಿ, ತಂದೆ ಮಗನ ತಲೆಯ ಮೇಲೆ ಮುಚ್ಚಿ ಹಿಡಿದು ನಿಂತಳು.

ಸೆರಗಿನ ಒಳಗಿನಿಂದ ಮೊದಲು ಏನೂ ಕೇಳಲಿಲ್ಲ. ಆಮೇಲೆ ತಂದೆಯ ದನಿ, ನಿಧಾನವಾಗಿ, ನಡುನಡುವೆ ಕಡಿಯುತ್ತ. ಅದರ ಹಿಂದೆಯೇ ಹುಡುಗನ ದನಿ, ಒಂದೊಂದೇ ಅಕ್ಷರ ಹಿಡಿದು.